ಮೂವತ್ತನೆಯ ಉಪವಾಸ

ಉಪವಾಸ ಮಾಡಿದರೆ ಮೈ ಇಳಿಯುತ್ತದೆ ಎಂದು ಯಾರು ಹೇಳಿದರೋ, ಅವರು ರಂಜಾನಿನಲ್ಲಿ ನಮ್ಮ ಮನೆಗೆ ಬಂದವರಲ್ಲ. ನಾನು ಪ್ರತಿವರ್ಷ ತಿಂಗಳಿಡೀ ಉಪವಾಸ ಹಿಡಿದು, ಈದ್ ಬೆಳಿಗ್ಗೆ ಹೊಸ ಪ್ಯಾಂಟಿನ ಗುಂಡಿ ಹಾಕಲಾಗದೆ ಉಸಿರು ಬಿಗಿಹಿಡಿದು ನಿಂತವನು. ಠಾಣೆ ಸ್ಟೇಷನ್ನಿನಲ್ಲಿ ಆಗ ತೂಕದ ಯಂತ್ರವಿತ್ತು. ನಾಣ್ಯ ಹಾಕಿದರೆ ಬಣ್ಣದ ದೀಪ ತಿರುಗಿ, ತೂಕ ಮತ್ತು ಭವಿಷ್ಯ ಎರಡೂ ಇರುವ ಚೀಟಿ ಉದುರುತ್ತಿತ್ತು. ಒಂದು ವರ್ಷ ರಂಜಾನಿಗೆ ಮೊದಲು ತೊಂಬತ್ತು ಕಿಲೋ ಇದ್ದವನು, ಈದ್ ಆದ ವಾರ ತೊಂಬತ್ತನಾಲ್ಕು. ಚೀಟಿಯ ಹಿಂದೆ "ನಿಮ್ಮ ಸಂಯಮ ಎಲ್ಲರಿಗೂ ಮಾದರಿ" ಎಂದು ಹಿಂದಿಯಲ್ಲಿ ಅಚ್ಚಾಗಿತ್ತು. ನನ್ನ ಹೆಂಡತಿ ಜುಬೈದಾ ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

ನನ್ನ ಹೆಸರು ಇಸ್ಮಾಯಿಲ್. ಊರು ಉಡುಪಿ ಕಡೆ, ಮನೆ ನವಿಮುಂಬಯಿಯ ಘಣಸೋಲಿ. ಕೆಲಸ ವಾಶಿಯ ಸಗಟು ಮಾರುಕಟ್ಟೆಯ ಒಂದು ಖರ್ಜೂರದ ಅಂಗಡಿಯಲ್ಲಿ ಸೇಲ್ಸ್‌ಮನ್. ಗಿರಾಕಿಗೆ ಒಂದು ಖರ್ಜೂರ ರುಚಿ ನೋಡಲು ಕೊಡಬೇಕು, ಅವನಿಗೆ ನಂಬಿಕೆ ಬರಲು ನಾನೂ ಒಂದು ತಿನ್ನಬೇಕು. ದಿನಕ್ಕೆ ನಲವತ್ತು ಗಿರಾಕಿಗಳು. ಇದನ್ನು ನಾನು ಇಪ್ಪತ್ತು ವರ್ಷ ಪ್ರಾಮಾಣಿಕವಾಗಿ ಮಾಡಿದೆ.

ರಂಜಾನಿನಲ್ಲಿ ಹಗಲು ಖರ್ಜೂರ ಮುಟ್ಟುವಂತಿಲ್ಲ. ಆ ಸೇಡನ್ನೆಲ್ಲ ಸಂಜೆ ತೀರಿಸಿಕೊಳ್ಳುತ್ತಿದ್ದೆ. ಅಜಾನ್ ಕೇಳುತ್ತಲೇ ಏಳೆಂಟು ಖರ್ಜೂರ, ದೊಡ್ಡ ಲೋಟದಲ್ಲಿ ಗುಲಾಬಿ ಶರಬತ್ತು, ಖೀಮಾ ಸಮೋಸ, ಈರುಳ್ಳಿ ಭಜಿ. ನಮಾಜ್ ಮುಗಿಸಿ ಬಂದು ಅಕ್ಕಿಯ ರೊಟ್ಟಿ ಪತ್ತಿರ್, ಕೋಳಿ ಸಾರು. ರಾತ್ರಿಯ ತರಾವೀಹ್ ನಮಾಜ್ ಮುಗಿದ ಮೇಲೆ ಮಸೀದಿ ಎದುರಿನ ಗಾಡಿಯಲ್ಲಿ ಮಾಲ್‌ಪುವಾ. ಬೆಳಗಿನ ಜಾವದ ಸಹರಿ ಊಟಕ್ಕೆ ತುಪ್ಪದ ಪರಾಠ, ಏಕೆಂದರೆ ದಿನವಿಡೀ ಹಸಿದಿರಬೇಕಲ್ಲ! ಹನ್ನೊಂದನೆಯ ವಯಸ್ಸಿನಿಂದ ಒಂದು ಉಪವಾಸವನ್ನೂ ಬಿಟ್ಟವನಲ್ಲ ನಾನು. ಜ್ವರದಲ್ಲೂ ಬಿಟ್ಟಿಲ್ಲ. ಆ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳು ಹೇಳುವುದಿಲ್ಲ.

ಕಾಯಿಲೆ ಗೊತ್ತಾದದ್ದು ಆ ತೊಂಬತ್ತನಾಲ್ಕು ಕಿಲೋದ ವರ್ಷ, ಈದ್ ಹಬ್ಬದ ಹೊಸ ಚಪ್ಪಲಿಯಿಂದ. ಹೆಬ್ಬೆರಳ ಪಕ್ಕ ಕಚ್ಚಿ ಸಣ್ಣ ಗಾಯವಾಯಿತು. ಮೂರು ವಾರವಾದರೂ ಮಾಯಲಿಲ್ಲ. "ನಾಳೆ ನೋಡುವ" ಎಂದು ನಾನು, "ಇವತ್ತೇ ನಡೀರಿ" ಎಂದು ಜುಬೈದಾ. ಅವಳೇ ಗೆದ್ದಳು. ಸೆಕ್ಟರಿನ ಮೂಲೆಯಲ್ಲಿದ್ದ ಲೇಡಿ ಡಾಕ್ಟರು, ಎಲ್ಲರೂ ಡಾಕ್ಟರ್ ಬಾಯಿ ಎಂದು ಕರೆಯುವವರು, ನನ್ನ ಗಾಯ ನೋಡಿದರು, ನನ್ನ ಹೊಟ್ಟೆ ನೋಡಿದರು, ರಕ್ತಪರೀಕ್ಷೆಗೆ ಬರೆದುಕೊಟ್ಟರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಸಲ, ಊಟ ಮಾಡಿ ಎರಡು ಗಂಟೆ ಕಳೆದು ಇನ್ನೊಂದು ಸಲ.

ಲ್ಯಾಬಿನವನು ರಕ್ತ ತೆಗೆದು, "ಈಗ ಹೋಗಿ ಚೆನ್ನಾಗಿ ತಿಂದು ಬನ್ನಿ ಚಾಚಾ" ಎಂದ. ಚೆನ್ನಾಗಿ ಎಂದನಲ್ಲ! ಪರೀಕ್ಷೆ ಸರಿಯಾಗಿ ಆಗಬೇಕಾದರೆ ಹೊಟ್ಟೆ ತುಂಬಿರಬೇಕು ಎಂದುಕೊಂಡು ಎದುರಿನ ನಮ್ಮ ಊರವರ ಹೋಟೆಲಿಗೆ ಹೋಗಿ ಶಿರಾ, ಎರಡು ಮಸಾಲೆ ದೋಸೆ, ಕೊನೆಗೆ ಒಂದು ಚಹಾ ಮುಗಿಸಿ ಬಂದೆ. ಸಂಜೆ ವರದಿ ನೋಡಿದ ಡಾಕ್ಟರ್ ಬಾಯಿ ಕನ್ನಡಕ ತೆಗೆದಿಟ್ಟರು.

"ಏನು ತಿಂದು ಹೋಗಿದ್ರಿ?"

ನಾನು ಎಲ್ಲವನ್ನೂ ಹೇಳಿದೆ. ಅವರು ನಗಬಾರದೆಂದು ತುಟಿ ಕಚ್ಚಿಕೊಂಡದ್ದು ನನಗೆ ಕಾಣಿಸಿತು. ಆಮೇಲೆ ಗಂಭೀರವಾಗಿ, "ಶಿರಾ ಬಿಡಿ, ಖಾಲಿ ಹೊಟ್ಟೆಯದ್ದೇ ಇನ್ನೂರರ ಮೇಲಿದೆ. ಶುಗರ್ ಇದೆ ನಿಮಗೆ" ಎಂದರು.

ಊರಲ್ಲಿ ನನ್ನ ದೊಡ್ಡಣ್ಣನ ಎರಡು ಕಾಲ್ಬೆರಳು ಸಕ್ಕರೆ ಕಾಯಿಲೆಯಲ್ಲೇ ಹೋಗಿದ್ದವು. ಅವನೂ ಮೊದಲು ಸಣ್ಣ ಗಾಯ ಎಂದೇ ಹೇಳಿದ್ದು. ನಾನು ಮೇಜಿನ ಕೆಳಗೆ ನನ್ನ ಹೆಬ್ಬೆರಳನ್ನು ಮಡಚಿಕೊಂಡೆ. ಹೆದರಿಕೆಯಲ್ಲಿ ಬಾಯಿಗೆ ಬಂದ ಮೊದಲ ಪ್ರಶ್ನೆ ಮಾತ್ರ ಬೇರೆಯೇ.

"ಮೇಡಂ, ಮುಂದಿನ ರಂಜಾನಿಗೆ ರೋಜಾ ಹಿಡಿಯಬಹುದಾ?"

"ಈಗಿನ ಹಾಗೆ ಇದ್ದರೆ ಒಂದು ದಿನವೂ ಇಲ್ಲ," ಎಂದರು ಅವರು. "ಹತ್ತು ತಿಂಗಳಿದೆ. ತೂಕ ಎಂಟು ಕಿಲೋ ಇಳಿಸಿ, ಸಕ್ಕರೆ ಹದಕ್ಕೆ ತನ್ನಿ. ಆಗ ಮಾತಾಡೋಣ."

ಮನೆಯಲ್ಲಿ ಜುಬೈದಾ ಫ್ರಿಜ್ಜಿನ ಬಾಗಿಲಿನ ಚೀಟಿ ಕಿತ್ತು ಎಸೆದಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ನಲ್ಲಿಯ ಸದ್ದಿಗೆ ನನಗೆ ಗೊತ್ತಾಗುವುದಿಲ್ಲ ಎಂದು ಅವಳ ಲೆಕ್ಕ. ಒಂಬತ್ತನೆಯ ಕ್ಲಾಸಿನ ಮಗಳು ರಿಜ್ವಾನಾ ಕನ್ನಡ ಕೇಳಿಸಿಕೊಂಡು ಹಿಂದಿಯಲ್ಲೇ ಉತ್ತರ ಕೊಡುವವಳು. ಮರುದಿನವೇ ಸಕ್ಕರೆ ನೋಡುವ ಸಣ್ಣ ಮೀಟರ್ ತರಿಸಿ, "ಅಬ್ಬಾ, ಉಂಗ್ಲಿ ದೋ" ಎಂದು ನನ್ನ ಬೆರಳು ಹಿಡಿದು ಕೂತಳು. ಚುಚ್ಚುವ ಮೊದಲೇ ನಾನು "ಅಯ್ಯೋ" ಎಂದೆ. ಅವಳು ಇನ್ನೂ ಚುಚ್ಚಿರಲಿಲ್ಲ.

ಗುಟ್ಟಾಗಿ ಇಡಬೇಕೆಂದಿದ್ದೆ. ಆದರೆ ಎದುರು ಬಾಗಿಲಿನ ವಸಂತಿ ಅಕ್ಕನಿಂದ ಯಾವ ಗುಟ್ಟು ಉಳಿದಿದೆ! ಅವರೂ ನಮ್ಮ ಊರ ಕಡೆಯವರೇ, ಗಂಡನಿಗೆ ಡೊಂಬಿವಲಿಯಲ್ಲಿ ಹೋಟೆಲು. ನಾವು ಮನೆಯೊಳಗೆ ಬ್ಯಾರಿ ಮಾತಾಡುತ್ತೇವೆ, ಅವರ ಜತೆ ತುಳು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅಕ್ಕ ಬಂದು ಸೋಫಾದಲ್ಲಿ ಕೂತು, ಕಥೆ ಪೂರ್ತಿ ಕೇಳಿ, ಹಣೆ ಚಚ್ಚಿಕೊಂಡರು.

"ಇಸ್ಮಾಯಿಲಣ್ಣ, ನಿಮ್ಮದು ಎಂತದ್ದೂ ಅಲ್ಲ ಮಾರಾಯ್ರೆ. ನಾನು ತಿಂಗಳಿಗೊಂದು ಸಂಕಷ್ಟಿ ಮಾಡ್ತೇನಲ್ಲ, ಚಂದ್ರ ಬರುವವರೆಗೆ ಉಪವಾಸ ಅಂತ. ಹಗಲಿಡೀ ಎಂತ ತಿನ್ತೇನೆ ಗೊತ್ತುಂಟಾ? ಸಾಬೂದಾನಿ ಖಿಚಡಿ, ಬಟಾಟೆ ಚಿಪ್ಸು, ನೆಲಗಡಲೆ ಉಂಡೆ. ಇಲ್ಲಿಯವರಿಂದ ಕಲಿತದ್ದು. ಊರಲ್ಲಿರುವಾಗ ಐವತ್ತೈದು ಕಿಲೋ ಇದ್ದೆ, ಈಗ ಎಂಬತ್ತೆರಡು. ದೇವರ ಹೆಸರಲ್ಲಿ!"

ಅಂದಿನಿಂದ ಉಪವಾಸ ಮಾಡಿ ದಪ್ಪಗಾದವರ ಸಂಘವೊಂದು ನಮ್ಮ ಮಹಡಿಯಲ್ಲಿ ಶುರುವಾಯಿತು. ಸದಸ್ಯರು ಇಬ್ಬರೇ, ಜುಬೈದಾ ಇನ್‌ಸ್ಪೆಕ್ಟರ್. ಬೆಳಿಗ್ಗೆ ಮೂವರೂ ಹೊಸ ಸೆಕ್ಟರಿನ ರಸ್ತೆಯಲ್ಲಿ ನಡೆಯುತ್ತಿದ್ದೆವು. ಮೊದಲ ವಾರ ನಾನು ವಡಾಪಾವ್ ಗಾಡಿಯ ಹತ್ತಿರ ಬಂದಾಗಲೆಲ್ಲ ಚಪ್ಪಲಿಯೊಳಗೆ ಕಲ್ಲು ಸಿಕ್ಕಿದೆ ಎಂದು ನಿಲ್ಲುತ್ತಿದ್ದೆ. ಜುಬೈದಾ ಎರಡು ದಿನ ನೋಡಿ ಮೂರನೆಯ ದಿನ ರಸ್ತೆಯನ್ನೇ ಬದಲಿಸಿದಳು. ಅಂಗಡಿಯಲ್ಲಿ ಗಿರಾಕಿಗೆ ನಂಬಿಕೆ ಹುಟ್ಟಿಸಲು ನಾನು ತಿನ್ನುವ ಬದಲು "ನನಗೆ ಶುಗರ್, ನೀವೇ ತಿಂದು ಹೇಳಿ" ಎನ್ನತೊಡಗಿದೆ. ಶುಗರ್ ಎಂದ ಕೂಡಲೇ ಗಿರಾಕಿಗಳಲ್ಲಿ ಅರ್ಧದಷ್ಟು ಜನ "ನಮ್ಮದೂ ಅದೇ ಕಥೆ" ಎನ್ನುತ್ತಿದ್ದರು. ನಾನೊಬ್ಬನೇ ಎಂದುಕೊಂಡಿದ್ದೆನಲ್ಲ, ಅದು ಮೊದಲ ತಿಂಗಳಲ್ಲೇ ಹೋಯಿತು.

ಗಾಯ ಮಾಯಿತು. ಹತ್ತು ತಿಂಗಳಲ್ಲಿ ಎಂಟಲ್ಲ, ಒಂಬತ್ತು ಕಿಲೋ ಇಳಿದೆ. ರಂಜಾನಿಗೆ ಎರಡು ವಾರವಿರುವಾಗ ಡಾಕ್ಟರ್ ಬಾಯಿ ವರದಿ ನೋಡಿ ತಲೆಯಾಡಿಸಿದರು. ಗುಳಿಗೆಗಳ ಹೊತ್ತು ಬದಲಿಸಿದರು, ಸಹರಿಯ ಗುಳಿಗೆಯನ್ನು ಅರ್ಧ ಮಾಡಿದರು. ಅದು ನನ್ನ ದೇಹಕ್ಕೆ ಹೇಳಿದ್ದು, ನಿಮ್ಮದನ್ನು ನಿಮ್ಮ ಡಾಕ್ಟರಲ್ಲಿ ಕೇಳಿ. ಕೊನೆಗೆ ಬೆರಳೆತ್ತಿ ಒಂದು ಷರತ್ತು ಹಾಕಿದರು.

"ಹಗಲು ಮೂರು ಸಲ ಮೀಟರಿನಲ್ಲಿ ನೋಡಿ ಪುಸ್ತಕದಲ್ಲಿ ಬರೀಬೇಕು. ಎಪ್ಪತ್ತಕ್ಕಿಂತ ಕೆಳಗೆ ಬಂತೋ, ಅಜಾನ್‌ಗೆ ಎರಡೇ ನಿಮಿಷ ಇದ್ದರೂ ರೋಜಾ ಮುರಿಯಬೇಕು. ಕಬೂಲ್?"

"ಕಬೂಲ್, ಕಬೂಲ್, ಕಬೂಲ್" ಎಂದೆ.

ಜುಬೈದಾ ಪಕ್ಕದಿಂದ, "ನಮ್ಮ ನಿಕಾಹದ ದಿನವೂ ಇಷ್ಟು ಗಟ್ಟಿಯಾಗಿ ಹೇಳಿರಲಿಲ್ಲ ಇವರು" ಎಂದಳು.

ಕಬೂಲ್ ಎಂದೆನೇ ಹೊರತು ನನ್ನ ತಲೆಯಲ್ಲಿ ಬೇರೆಯೇ ಒಂದು ಸಂಶಯ ಕೂತಿತ್ತು. ಬೆರಳು ಚುಚ್ಚಿ ರಕ್ತ ಬಂದರೆ ಉಪವಾಸ ಉಳಿಯುತ್ತದೆಯೇ? ಚಿಕ್ಕಂದಿನಲ್ಲಿ ಯಾರೋ ಉಳಿಯುವುದಿಲ್ಲ ಎಂದಿದ್ದು ನೆನಪಿತ್ತು. ಯಾರನ್ನಾದರೂ ಕೇಳಿದರೆ ಮುಗಿಯುತ್ತಿತ್ತು. ಆದರೆ ಮುರಿಯುತ್ತದೆ ಎಂದುಬಿಟ್ಟರೆ? ಆಗ ಡಾಕ್ಟರ್ ಬಾಯಿ ಉಪವಾಸ ಬೇಡ ಎನ್ನುತ್ತಾರೆ. ಅದಕ್ಕೇ ನಾನು ಯಾರನ್ನೂ ಕೇಳದೆ ಒಂದು ಉಪಾಯ ಮಾಡಿದೆ. ರಂಜಾನ್ ಶುರುವಾದ ಮೇಲೆ ಮೀಟರನ್ನು ಚೀಲದಿಂದ ತೆಗೆಯಲೇ ಇಲ್ಲ. ಪುಸ್ತಕದಲ್ಲಿ ಮಾತ್ರ ಚೆಂದದ ಅಂಕಿಗಳನ್ನು ಬರೆದೆ. ನೂರಹತ್ತು, ನೂರೈದು, ನೂರಹದಿನೆಂಟು. ಒಂದೇ ಥರ ಇದ್ದರೆ ಅನುಮಾನ ಬರುತ್ತದೆಂದು ಒಮ್ಮೆ ನೂರಮೂವತ್ತೆರಡೂ ಬರೆದೆ.

ನಾಲ್ಕನೆಯ ದಿನ ಸಿಕ್ಕಿಬಿದ್ದೆ. ರಿಜ್ವಾನಾ ರಂಜಾನಿಗೆಂದು ತಂದಿದ್ದ ಚುಚ್ಚುವ ಸೂಜಿಗಳ ಹೊಸ ಡಬ್ಬಿ ತೆರೆದು ನೋಡಿದರೆ ಒಂದೂ ಖರ್ಚಾಗಿಲ್ಲ. "ಅಮ್ಮೀ, ಅಬ್ಬಾ ಫೇಕ್ ಲಿಖ್ ರಹೇ ಹೈಂ!" ಎಂದು ಕೂಗಿದಳು. ಜುಬೈದಾ ಬೈಯಲಿಲ್ಲ. ಬುರ್ಖಾ ಹಾಕಿಕೊಂಡು, "ಹೊರಡಿ, ಮಸೀದಿಗೆ. ನೀವು ಒಳಗೆ ಹೋಗಿ ಮೌಲಾನಾರನ್ನು ಕೇಳಿ, ನಾನು ಗೇಟಿನಲ್ಲಿ ನಿಂತಿರ್ತೇನೆ" ಎಂದಳು.

ಇಳಿಹೊತ್ತಿನ ಅಸರ್ ನಮಾಜ್ ಮುಗಿದಿತ್ತು. ಮೌಲಾನಾ ನಮಗಿಂತ ಹಿರಿಯರು, ಉತ್ತರದ ಕಡೆಯವರು. ನಾನು ತಡವರಿಸುತ್ತಾ ಎಲ್ಲ ಹೇಳಿದೆ. ಅವರು ತಮ್ಮ ಮೇಜಿನ ಡ್ರಾಯರ್ ಎಳೆದರು. ಒಳಗೆ ನನ್ನದೇ ಥರದ ಮೀಟರ್!

"ಹನ್ನೆರಡು ವರ್ಷದಿಂದ ಇದೆ ನನಗೂ," ಎಂದರು ಹಿಂದಿಯಲ್ಲಿ. "ರೋಜಾ ಹಿಡಿದೇ ದಿನಾ ಚುಚ್ಚಿಕೊಳ್ತೇನೆ. ಒಂದು ಹನಿ ರಕ್ತಕ್ಕೆ ರೋಜಾ ಹೋಗಲ್ಲ ಭಾಯಿ. ಕಾಯಿಲೆಯವನಿಗೆ ದೇವರೇ ವಿನಾಯಿತಿ ಕೊಟ್ಟಿದ್ದಾನೆ. ಮುರಿಯಬೇಕಾದರೆ ಮುರಿ, ಆಮೇಲೆ ಬೇರೆ ದಿನ ಹಿಡಿದು ತುಂಬಿಸು. ಆದರೆ ಒಂದು ಕೇಳ್ತೇನೆ. ರೋಜಾ ಹಿಡಿದ ಬಾಯಲ್ಲಿ ಸುಳ್ಳು ಹೇಳಬಾರದು ಅಂತ ಗೊತ್ತಲ್ಲ? ನೀನು ನಾಲ್ಕು ದಿನ ಕೂತು ಸುಳ್ಳು ಬರೆದಿದ್ದೀಯ. ಅದಕ್ಕೆ ಏನು ಮಾಡೋಣ?"

ನನಗೆ ನೆಲ ಬಿರಿಯಬಾರದೇ ಎನಿಸಿತು. ಹೊರಗೆ ಬಂದಾಗ ಗೇಟಿನಲ್ಲಿ ಜುಬೈದಾ ಕೇಳಿದಳು, "ಎಂತ ಹೇಳಿದ್ರು?" ನಾನು ಕೈ ಚಾಚಿ, "ಚುಚ್ಚು" ಎಂದೆ.

ಅಲ್ಲಿಂದ ಮುಂದೆ ಆ ರಂಜಾನ್ ಹಬ್ಬದ ಥರವೇ ನಡೆಯಿತು. ಒಂದು ಖರ್ಜೂರ, ನೀರು, ಒಂದು ಬಟ್ಟಲು ಮೆಂತೆ ಗಂಜಿ. ಊರ ರುಚಿ, ಸಕ್ಕರೆ ಇಲ್ಲ. ನಮಾಜಿನ ನಂತರ ಎರಡು ಪತ್ತಿರ್, ಮೀನು, ತಟ್ಟೆ ತುಂಬ ಸೌತೆಕಾಯಿ. ಸಹರಿಗೆ ಮೊಟ್ಟೆ, ಜೋಳದ ರೊಟ್ಟಿ, ಮೊಸರು. ಸಮೋಸ ವಾರಕ್ಕೊಂದು, ಶುಕ್ರವಾರ. ಆ ಒಂದು ಸಮೋಸವನ್ನು ನಾನು ಕಾಲು ಗಂಟೆ ತಿನ್ನುತ್ತಿದ್ದೆ. ವಸಂತಿ ಅಕ್ಕ ಹೆಸರುಕಾಳಿನ ಕೋಸಂಬರಿ ಕಳಿಸುತ್ತಿದ್ದರು. ಬೇರೆ ಮನೆಗಳಿಂದ ಬರುವ ಭಜಿಯ ತಟ್ಟೆಗಳನ್ನು ಜುಬೈದಾ ಬಾಗಿಲಲ್ಲೇ ತಡೆದು ವಾಚ್‌ಮನ್ನರಿಗೆ ದಾಟಿಸುತ್ತಿದ್ದಳು. ಅವರು ಆ ತಿಂಗಳು ದುಂಡಗಾದರು.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ಉಪವಾಸಕ್ಕೊಂದು ಹಸಿರು ಗುರುತು ಹಾಕುವುದು ಜುಬೈದಾಳ ಪದ್ಧತಿ. ಇಪ್ಪತ್ತೈದು ಗುರುತುಗಳಾದವು. ಒಂದೂ ತಪ್ಪಲಿಲ್ಲ. ನನ್ನ ಜಂಬ ಪುನಃ ಚಿಗುರಿತು.

ಇಪ್ಪತ್ತಾರನೆಯ ದಿನ ಅಂಗಡಿಯಲ್ಲಿ ಈದ್ ಹಬ್ಬದ ಗಿರಾಕಿಗಳ ನೂಕುನುಗ್ಗಲು. ಗೋದಾಮಿಗೂ ಅಂಗಡಿಗೂ ಮಧ್ಯಾಹ್ನವಿಡೀ ಓಡಾಡಿದೆ, ನಾಲ್ಕು ಗಂಟೆಗೆ ನೋಡಬೇಕಾದ ಮೀಟರ್ ಮರೆತೇಹೋಯಿತು. ಮಳೆ ಹಿಡಿದಿತ್ತು. ವಾಶಿಯಿಂದ ಠಾಣೆಯ ಲೋಕಲ್ ರೈಲುಗಾಡಿ ಹತ್ತಿದೆ. ತುರ್ಭೆ ದಾಟಿದ ಮೇಲೆ ಗಾಡಿ ನಿಂತುಬಿಟ್ಟಿತು. ಡಬ್ಬಿಯಲ್ಲಿ ಅರ್ಧ ಜನ ರೋಜಾದವರು, ತೊಡೆಯ ಮೇಲೆ ಹಣ್ಣಿನ ಪೊಟ್ಟಣ ಇಟ್ಟುಕೊಂಡು ಗಡಿಯಾರ ನೋಡುತ್ತಿದ್ದರು. ನನಗೆ ಬೆವರು ಇಳಿಯತೊಡಗಿತು. ಮಳೆಯ ತಂಪಿನಲ್ಲಿ ಬೆವರು! ಚೀಲದಿಂದ ಮೀಟರ್ ತೆಗೆದು ಚುಚ್ಚಿಕೊಂಡೆ.

ಅರವತ್ತಮೂರು.

ಅಜಾನಿಗೆ ಹತ್ತೊಂಬತ್ತು ನಿಮಿಷ ಇತ್ತು. ನಾನು ಮೀಟರನ್ನು ಕವಚಿ ಹಾಕಿದೆ. ಹತ್ತೊಂಬತ್ತು ನಿಮಿಷ ಎಂದರೇನು! ಮೂವತ್ತೈದು ವರ್ಷ ಒಂದೂ ಬಿಡದವನು ಹತ್ತೊಂಬತ್ತು ನಿಮಿಷ ತಡೆಯಲಾರನೇ? ಯಾರಿಗೆ ಗೊತ್ತಾಗುತ್ತದೆ? ಆಗ ಫೋನು ಹೊಡೆದುಕೊಂಡಿತು. ಜುಬೈದಾ.

"ಗಾಡಿ ನಿಂತಿದೆ ಅಂತೆ. ನೋಡಿದ್ರಾ? ಎಷ್ಟುಂಟು?"

ನೂರಹತ್ತು ಎಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಾಯಲ್ಲಿ ಉಪವಾಸವಿತ್ತು. ಅದನ್ನು ಉಳಿಸಿಕೊಳ್ಳಲು ಸುಳ್ಳು ಹೇಳಬೇಕು, ಸುಳ್ಳು ಹೇಳಿದರೆ ಉಳಿಸಿಕೊಂಡದ್ದಾದರೂ ಏನು? ಮೌಲಾನಾರ ಡ್ರಾಯರ್ ಕಣ್ಣ ಮುಂದೆ ಬಂತು.

"ಅರವತ್ತಮೂರು" ಎಂದೆ.

ಅವಳು ಮೆಲ್ಲಗೆ ಹೇಳಿದಳು: "ಮದುವೆಯಾದಂದಿನಿಂದ ತಿನ್ನಬೇಡಿ, ತಿನ್ನಬೇಡಿ ಅಂತ ನಿಮ್ಮ ಹಿಂದೆ ಬಿದ್ದವಳು ನಾನು. ಇವತ್ತು ಹೇಳ್ತಿದ್ದೇನೆ. ತಿನ್ನಿ. ಈಗಲೇ. ನಾನು ಫೋನು ಇಡುವುದಿಲ್ಲ."

ಚೀಲದಲ್ಲಿ ಸ್ಯಾಂಪಲ್ಲಿನ ಖರ್ಜೂರವಿತ್ತು, ಡಾಕ್ಟರ್ ಬಾಯಿ ಇಟ್ಟುಕೊಳ್ಳಿ ಎಂದಿದ್ದ ಗ್ಲೂಕೋಸ್ ಪುಡಿಯೂ ಇತ್ತು. ಕಾದು ಕೂತ ಅಷ್ಟೂ ಜನರ ಎದುರು ನಾನೊಬ್ಬ ಗಡ್ಡದವನು ಬಾಯಿ ತೆರೆದು ತಿಂದೆ. ಅಳು ಬಂತು. ಖರ್ಜೂರದ ವ್ಯಾಪಾರಿಯಾಗಿ ಹೇಳುತ್ತೇನೆ, ಅಂಥ ಕಹಿ ಖರ್ಜೂರ ನಾನು ತಿಂದಿಲ್ಲ. ಎದುರಿನ ಸೀಟಿನವರೊಬ್ಬರು ಟೋಪಿ ಹಾಕಿದ ಮುದುಕರು, ನನ್ನ ಮೀಟರನ್ನೂ ಮುಖವನ್ನೂ ನೋಡಿದರು. ತಮ್ಮ ಇಫ್ತಾರ್‌ಗೆಂದು ಇಟ್ಟುಕೊಂಡಿದ್ದ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ನನ್ನ ಕೈಗೆ ಕೊಟ್ಟರು. "ಪಿಯೋ ಬೇಟಾ" ಎಂದರು. ಮತ್ತೇನೂ ಕೇಳಲಿಲ್ಲ.

ಆ ವರ್ಷದ ಈದಿಗೆ ಪ್ಯಾಂಟಿನ ಗುಂಡಿ ಸಲೀಸಾಗಿ ಬಿತ್ತು. ಎಂಬತ್ತೈದರಿಂದ ಎಂಬತ್ತಮೂರಕ್ಕೆ ಇಳಿದಿದ್ದೆ. ಡಾಕ್ಟರ್ ಬಾಯಿ ಪುಸ್ತಕ ನೋಡಿ, ಮೊದಲ ನಾಲ್ಕು ದಿನದ ಅಂಕಿಗಳಿಗೆ ಕಾಟು ಹಾಕಿದ್ದು ಯಾಕೆಂದು ಕೇಳಿದರು. ಅದನ್ನೂ ಹೇಳಿದೆ. ಈ ಸಲ ಅವರು ತುಟಿ ಕಚ್ಚಿಕೊಳ್ಳಲಿಲ್ಲ, ಜೋರಾಗಿ ನಕ್ಕರು. ಅರವತ್ತಮೂರರ ಪುಟದಲ್ಲಿ ಬೆರಳಿಟ್ಟು, "ಇದು ಮಾತ್ರ ನೂರಕ್ಕೆ ನೂರು" ಎಂದರು. ಆದರೂ ಕ್ಯಾಲೆಂಡರಿನಲ್ಲಿ ಮೂವತ್ತಕ್ಕೆ ಇಪ್ಪತ್ತೊಂಬತ್ತೇ ಗುರುತು. ಆ ಒಂದು ಖಾಲಿ ಚೌಕ ಚಹಾ ಕುಡಿಯುವಾಗಲೆಲ್ಲ ನನ್ನನ್ನೇ ನೋಡುತ್ತಿತ್ತು. ಪುಟ ತಿರುಗಿಸಲು ಜುಬೈದಾ ಒಪ್ಪಲಿಲ್ಲ.

ಅದನ್ನು ತುಂಬಿಸಲು ಒಂದು ದಿನ ಹಿಡಿಯಬೇಕಿತ್ತು. ಊರೆಲ್ಲ ಉಪವಾಸವಿರುವಾಗ ಉಪವಾಸ ಸುಲಭ. ಊರೆಲ್ಲ ತಿನ್ನುತ್ತಿರುವಾಗ, ಮಾಲ್‌ಪುವಾ ಗಾಡಿ, ಶರಬತ್ತು ಏನೂ ಇಲ್ಲದೆ, ಒಬ್ಬನೇ ಹಿಡಿಯುವುದು ಬೇರೆ. ಬೇಸರದಿಂದ ಹೇಳಿದ್ದನ್ನು ವಸಂತಿ ಅಕ್ಕ ಕೇಳಿಸಿಕೊಂಡರು.

"ಹಾಗಾದ್ರೆ ಬರುವ ಸಂಕಷ್ಟಿಯ ದಿನವೇ ಇಟ್ಟುಕೊಳ್ಳಿ. ನಾನೂ ಉಪವಾಸ, ನೀವೂ ಉಪವಾಸ. ಈ ಸಲ ಸಾಬೂದಾನಿ ಇಲ್ಲ, ಬಟಾಟೆ ಇಲ್ಲ. ನನಗೆ ನೀರು, ಒಂದು ಲೋಟ ಮಜ್ಜಿಗೆ, ಅಷ್ಟೇ; ನಿಮಗೆ ಅದೂ ಇಲ್ಲ. ನೋಡುವ, ಯಾರು ಗೆಲ್ತಾರೆ ಅಂತ."

ಹಾಗೇ ಹಿಡಿದೆವು. ಮೀಟರ್ ಮಧ್ಯಾಹ್ನ ನೂರಹನ್ನೆರಡು, ಸಂಜೆ ತೊಂಬತ್ತೆಂಟು, ಎಲ್ಲ ನಿಜವಾದ ಅಂಕಿಗಳು. ಸೂರ್ಯ ಮುಳುಗುವಾಗ ಅಜಾನ್ ಕೇಳಿತು. ಒಂದು ಖರ್ಜೂರ, ನೀರು, ಒಂದು ಬಟ್ಟಲು ಗಂಜಿ ಕುಡಿದೆ. ನಮಾಜ್ ಮುಗಿಸಿ ಬಂದರೆ ಜುಬೈದಾ ಊಟಕ್ಕೆ ತಟ್ಟೆ ಇಡುತ್ತಿದ್ದಳು. ಎದುರು ಬಾಗಿಲು ತೆರೆದೇ ಇತ್ತು. ವಸಂತಿ ಅಕ್ಕ ಗ್ಯಾಲರಿಯಲ್ಲಿ ಮೋಡದ ಕಡೆ ಮುಖ ಮಾಡಿ ಕೂತಿದ್ದರು. ಅವರ ಚಂದ್ರ ಬರಲು ಇನ್ನೂ ಒಂದೂವರೆ ಗಂಟೆ ಇತ್ತು.

"ತಟ್ಟೆ ಆಮೇಲೆ ಇಡು" ಎಂದೆ.

ಜುಬೈದಾಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಎಂತ, ಹುಷಾರಿಲ್ವಾ?"

"ಹುಷಾರಿದ್ದೇನೆ. ಅಕ್ಕನ ಚಂದ್ರ ಬರಲಿ."

ಕುರ್ಚಿ ಎಳೆದುಕೊಂಡು ಅಕ್ಕನ ಗ್ಯಾಲರಿಯಲ್ಲೇ ಕೂತೆವು. ರಿಜ್ವಾನಾ ಮೂರು ಸಲ ಟೆರೇಸಿಗೆ ಹೋಗಿ ಬಂದಳು. ನಾಲ್ಕನೆಯ ಸಲ ಮೇಲಿನಿಂದಲೇ ಕೂಗಿದಳು, ಅದೂ ಕನ್ನಡದಲ್ಲಿ: "ವಸಂತಿ ಆಂಟೀ, ಬಂತು! ಬಂತು!" ಅಕ್ಕ ಕೈಮುಗಿದು, ಪೂಜೆ ಮುಗಿಸಿ ನಮ್ಮ ಮನೆಗೇ ಬಂದು ಕೂತರು, ತಮ್ಮ ಅನ್ನ ಸಾರಿನ ಪಾತ್ರೆ ಹಿಡಿದುಕೊಂಡು. ಜುಬೈದಾ ಮೊದಲು ಅಡುಗೆಮನೆಗೆ ಹೋಗಿ ಕ್ಯಾಲೆಂಡರಿನ ಖಾಲಿ ಚೌಕದಲ್ಲಿ ಹಸಿರು ಗುರುತು ಹಾಕಿ ಬಂದಳು. ಆಮೇಲೆ ಬಡಿಸಿದಳು. ಅವಳಿಗೆ ಎಷ್ಟು ಖುಷಿಯಾಗಿತ್ತೆಂದರೆ, ಒಂದು ವರ್ಷದಲ್ಲಿ ಮೊದಲ ಬಾರಿಗೆ ನಾನು ಕೇಳದೆಯೇ ಇನ್ನೊಂದು ಸೌಟು ಹಾಕಲು ಬಂದಳು.

ನಾನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು" ಎಂದೆ.

ಆ ಪದ ನನ್ನ ಬಾಯಿಂದ ಬಂದದ್ದನ್ನು ಕೇಳಿದ್ದು ಅದೇ ಮೊದಲು ಎಂದು ಅವಳು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ. ಸಾಕ್ಷಿಗೆ ವಸಂತಿ ಅಕ್ಕ ಇದ್ದಾರೆ.